ಮೋನಿಕಾನ ಮನಿ ನಂಬರ್ 5 ಇತ್ತಲ್ಲಾ?

ಟಿವಿ ನೋಡೋವಾಗ ತಪ್ಪು ಹುಡುಕೋ ಚಟ ನನಗ ಮೊದಲಿಂದಾನೂ ಅದ. ಪಲ್ಯಾ ಸೋಸಿಕೋತ ಕೂತಿರ್ತೀನಿ, ಕಣ್ಣು ಮಾತ್ರ ಟಿವಿ ಮ್ಯಾಲೆ. "ಈಗರೆ ಅಕಿ ಕೂದಲಾ ಹಿಂದ ಇದ್ವಲ್ಲಾ, ಮುಂದ ಹೆಂಗ ಬಂದ್ವು?" ಅಂತೀನಿ. ನಮ್ಮನಿಯವರು, "ನೀ ಕತಿ ನೋಡ್ತೀಯೋ, ಕೂದಲಾ ಎಣಸ್ತೀಯೋ?" ಅಂತಾರ. ಎರಡೂ ಮಾಡ್ತೀನಿ. ಒಲಿ ಮ್ಯಾಲೆ ಹಾಲಿಟ್ಟು, ಕುಕ್ಕರ್ ಸೀಟಿ ಎಣಸ್ಕೋತ, ಬಾಗಲದಾಗ ನಿಂತವರ ಜೋಡಿ ಮಾತಾಡೋ ನಮ್ಮಂಥಾ ಹೆಣ್ಮಕ್ಕಳಿಗೆ ಅದೇನು ದೊಡ್ಡ ಕೆಲಸ ಅಲ್ಲ ಬಿಡ್ರಿ.

ಹ್ವಾದ ವರ್ಷ ಮಗಳು ಬಂದಾಗ 'ಫ್ರೆಂಡ್ಸ್' ಹಚ್ಚಿಕೊಟ್ಟು ಹ್ವಾದ್ಲು. ಅಮೇರಿಕಾದ ಹಳೇ ನಗೀ ಧಾರಾವಾಹಿ. 1994 ರಿಂದ 2004 ರ ತನಕಾ ನಡದದ್ದು, ಹತ್ತು ಸೀಸನ್, 236 ಎಪಿಸೋಡು. ನ್ಯೂಯಾರ್ಕಿನಾಗ ಆರು ಮಂದಿ ಗೆಳ್ಯಾರು, ಎದರಾ-ಬದರಾ ಎರಡು ಮನಿ, ಒಂದು ಕಾಫಿ ಅಂಗಡಿ. ಇಷ್ಟ ಅದರ ಬಂಡವಾಳ. ಅವರ ಮಾತು ಭಾಳ ಲಗೂ ಲಗೂ, ಕೆಳಗ ಬರೋ ಅಕ್ಷರ ಓದಿಕೋತ ನೋಡಿದೆ.

ನೋಡಿದ ಮ್ಯಾಲೆ ನನ್ನ ಚಟ ಸುಮ್ನ ಇರ್ತದೇನು?

ಮೊದಲನೇದು, ಬಾಗಲಾ. ಸುರುವಿನಾಗ ಮೋನಿಕಾನ ಮನಿ ನಂಬರ್ 5, ಎದುರಿನ ಹುಡುಗೂರ್ದು 4. ಸ್ವಲ್ಪ ದಿನಕ್ಕ ನೋಡಿದ್ರ 20 ಮತ್ತ 19! ಮನಿ ಬದಲೀ ಮಾಡಿಲ್ಲ, ಅದ ಸೋಫಾ, ಅದ ಜಾಂಬಳಿ ಬಣ್ಣದ ಗ್ವಾಡಿ. ಅವರ ಮನಿ ಮ್ಯಾಲಿನ ಮಾಳಿಗ್ಯಾಗ ಇರೋದು, 5 ಅಂದ್ರ ಕೆಳಗಿನ ಮನಿ ಆಗ್ತದ ಅಂತ ಮಾಡಿದವರಿಗೆ ಆಮ್ಯಾಲೆ ಹೊಳದು, ನಂಬರ್ ತಿದ್ದಿದ್ರಂತ. ಅದನ್ನ ನಾ ಮೆಚ್ಚಿಕೊಂಡೆ. ತಿದ್ದಿಕೊಳ್ಳೋದು ತಪ್ಪಲ್ಲ.

ಎರಡನೇದು, ರಾಸನ ವಯಸ್ಸು. ಮೂರನೇ ಸೀಸನ್ನಿನಾಗೂ 29, ನಾಕನೇದ್ರಾಗೂ 29, ಐದನೇದ್ರಾಗೂ 29. ನಮ್ಮ ಓಣ್ಯಾಗಿನ ಹೆಣ್ಮಕ್ಕಳು ವಯಸ್ಸು ಮುಚ್ಚಿಡ್ತಾರ ಅಂತ ಗಂಡಸರು ನಗ್ತಾರ, ಇಂವನ್ನ ನೋಡ್ರಿ!

ಮೂರನೇದು ನನಗ ಖರೇನ ಸಿಟ್ಟು ತಂದದ್ದು. ಮೊದಲನೇ ಎಪಿಸೋಡಿನಾಗ ರೇಚಲ್ ಮದವಿ ಸೀರಿ, ಅಂದ್ರ ಅವರ ಬಿಳೇ ಗೌನಿನಾಗ ಓಡಿ ಬರ್ತಾಳ. ಮೋನಿಕಾ ಎಲ್ಲಾರ ಪರಿಚಯ ಮಾಡಿಸ್ತಾಳ, ಇಂವ ಚ್ಯಾಂಡ್ಲರ್ ಅಂತ ಸೈತ ಹೇಳ್ತಾಳ. ಮುಂದ ಹಳೇ ಕತಿ ತೋರಸೋವಾಗ, ಇಬ್ಬರೂ ಕಾಲೇಜಿನ ವಯಸ್ಸಿನಾಗ ಮೋನಿಕಾನ ತೌರಮನಿ ಹಬ್ಬದಾಗ ಭೆಟ್ಟಿ ಆಗಿರ್ತಾರ. ಇನ್ನೊಂದ್ರಾಗ ರೇಚಲ್ ಬರೋ ಒಂದು ವರ್ಷದ ಹಿಂದ ಬಾರಿನಾಗ ಮಾತೂ ಆಡಿರ್ತಾರ. ನಂಬರ್ ತಪ್ಪಿದ್ರ ನಗಬಹುದು. ಒಬ್ಬರಿಗೊಬ್ಬರು ಗುರ್ತು ಇದ್ದದ್ದ ಮರತ್ರ ಹೆಂಗ? ಹಾಲಿನವನ ಲೆಕ್ಕಾ ನಾವು ಕ್ಯಾಲೆಂಡರಿನ ಮ್ಯಾಲೆ ಬರಕೋತೀವಿ. ಇಷ್ಟು ರೊಕ್ಕದ ಧಾರಾವಾಹಿಯವರು ಒಂದು ವಹಿಯೊಳಗ ಬರದಿಟ್ಟುಕೊಳ್ಳಿಕ್ಕ ಏನಾಗಿತ್ತು?

ಆದ್ರ ಎಲ್ಲಾ ತಪ್ಪನ್ನೂ ಒಂದ ತಕ್ಕಡ್ಯಾಗ ಹಾಕಬ್ಯಾಡ್ರಿ. ಅಲ್ಲೇ ನನ್ನ ತಕರಾರು. ಕಪ್ಪಿನ ಹಿಡಿಕಿ ಈಗ ಈ ಕಡೆ, ಮರುಕ್ಷಣ ಆ ಕಡೆ. ಇದು ಆಗೋದು ಯಾಕ ಅಂತ ಮಗಳು ಹೇಳಿದ್ಲು. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನ ಸ್ಟುಡಿಯೋದಾಗ, ಮಂದೀನ್ನ ಎದುರಿಗೆ ಕೂಡಿಸಿಕೊಂಡು ಶೂಟಿಂಗ್ ಮಾಡ್ತಿದ್ರು. ಮಂದಿ ನಗಲಿಲ್ಲಂದ್ರ ಬರ್ಯೋರು ಅಲ್ಲೇ ಮಾತು ಬದಲಿಸಿ ಮತ್ತ ಮಾಡಸ್ತಿದ್ರು. ಒಂದ ಸೀನು ಎರಡು-ಮೂರು ಸಲಾ, ಆಮ್ಯಾಲೆ ಎಲ್ಲಾದ್ರಾಗ ಛಲೋ ಇದ್ದ ತುಣುಕು ಆರಿಸಿ ಜೋಡಸೋದು. ಕಪ್ಪು ಸರಿ ಇದ್ದ ತುಣುಕಿನಾಗ ನಗಿ ಕಮ್ಮಿ, ಕಪ್ಪು ತಪ್ಪಿದ್ದ ತುಣುಕಿನಾಗ ನಗಿ ಜಾಸ್ತಿ ಅಂದ್ರ ಅವರು ನಗೀನ ಇಟ್ಟುಕೋತಾರ. ಅದಕ್ಕ ತಪ್ಪು ಅನ್ನಬೇಕೋ, ಆಯ್ಕೆ ಅನ್ನಬೇಕೋ?

ಇನ್ನೊಂದು ಅದ. ಆಗಿನ ಟಿವಿ ಡಬ್ಬಿ ಹಂಗ ಇರ್ತಿದ್ವು, ಚಿತ್ರಾನೂ ಹಂಗ ಕತ್ತರಿಸಿ ತೋರಸ್ತಿದ್ರು. ಈಗ ಅಗಲ ಟಿವಿಗೆ ಅಂತ ಅಂಚು ಬಿಚ್ಚಿದ ಮ್ಯಾಲೆ, ಬದಿಗೆ ನಿಂತ ಬದಲೀ ಮನುಷ್ಯಾರೂ ಕಾಣಸ್ಲಿಕ್ಕತ್ತಾರ. ಸೀರಿ ಒಳಅಂಚು ತಿರುವಿ ನೋಡಿ "ಹೊಲಗಿ ಸರಿ ಇಲ್ಲ" ಅಂದಂಗ ಆತು.

ಕಡೀ ಸೀಸನ್ನಿನಾಗ ಮೋನಿಕಾನ ಪಾರ್ಟು ಮಾಡಿದ ಕೋರ್ಟ್ನಿ ಕಾಕ್ಸ್ ಖರೇನ ಬಸರಿ. ಕತಿಯೊಳಗ ಮೋನಿಕಾಗ ಮಕ್ಕಳಾಗೋದಿಲ್ಲ. ಸಡಲ ಅಂಗಿ ಹಾಕ್ಕೊಂಡು ಹೊಟ್ಟಿ ಮುಚ್ಚಿಕೊಂಡು ದುಡದಾಳ. "ಅಗೋ ಹೊಟ್ಟಿ ಕಾಣ್ತು, ತಪ್ಪು ಸಿಕ್ತು!" ಅನ್ನೋರನ್ನ ಕಂಡ್ರ ನನಗ ಕೆಟ್ಟನಸ್ತದ. ಲೀಸಾ ಕುಡ್ರೋ ಬಸರಿದ್ದಾಗ ಅದನ್ನ ಕತಿಯೊಳಗ ತಂದ್ರು, ಫೀಬೀ ತನ್ನ ತಮ್ಮನ ಮಕ್ಕಳನ್ನ ಹೊತ್ತಂಗ. ಅದು ಮನಿ ನಡಸೋ ಜಾಣತನ.

ನಮ್ಮ ಕನ್ನಡ ಧಾರಾವಾಹಿಯೊಳಗ ಸೊಸಿ ಪಾರ್ಟಿನಾಕಿ ಬದಲಾದ್ರ ಕೆಳಗ ಒಂದು ಪಟ್ಟಿ ಬರ್ತದ, ಇನ್ನ ಮುಂದ ಈ ಪಾತ್ರ ಇವರು ಮಾಡ್ತಾರ ಅಂತ. ನಾವು ಎರಡ ದಿನಕ್ಕ ಒಪ್ಪಿಕೋತೀವಿ. ರಾಸನ ಮೊದಲನೇ ಹೆಂಡತಿ ಕ್ಯಾರಲ್‌ನ ಮುಖಾನೂ ಎರಡನೇ ಸಲಕ್ಕ ಬದಲಾತು, ಪಟ್ಟೀನೂ ಇಲ್ಲ ಏನೂ ಇಲ್ಲ.

ಇಷ್ಟೆಲ್ಲಾ ಯಾಕ ಹೇಳ್ಲಿಕ್ಕತ್ತೀನಿ ಅಂದ್ರ, ಈ ಚಟ ಒಂದು ಸಲಾ ನನ್ನ ಕೈಯಾರೆ ನಷ್ಟ ಮಾಡಿಸ್ಯದ.

ನಮ್ಮ ಅತ್ತಿಯವರು ತಾವು ಈ ಮನಿಗೆ ಬಂದ ಕತಿ ಭಾಳ ಚಂದ ಹೇಳ್ತಿದ್ರು. ಒಮ್ಮೆ ಚಕ್ಕಡ್ಯಾಗ ಬಂದೆ ಅಂತಿದ್ರು, ಒಮ್ಮೆ ಬಸ್ಸಿನಾಗ. ಒಮ್ಮೆ ಹಸರ ಇಳಕಲ್ ಸೀರಿ, ಒಮ್ಮೆ ಕೆಂಪು. ಒಂದು ದೀಪಾವಳಿಗೆ ಮನಿ ತುಂಬ ಮಂದಿ ಇದ್ರು. ಅವರು ಚಕ್ಕಡಿ ಅಂದ್ರು. ನಾ ಹೋಳಗಿ ಬಡಸ್ಕೋತ, "ಅಯ್ಯ, ಹ್ವಾದ ಸಲಾ ಬಸ್ಸು ಅಂದಿದ್ರಲ್ಲಾ!" ಅಂದೆ. ಎಲ್ಲಾರೂ ನಕ್ರು. ಅತ್ತಿಯವರೂ ನಕ್ರು, "ಇರಬಹುದವ್ವಾ" ಅಂದ್ರು. ಆಮ್ಯಾಲೆ ನಾ ಇದ್ದಾಗ ಆ ಕತಿ ಹೇಳಲಿಲ್ಲ. ನಾನಾಗೇ ಕೇಳಿದ್ರೂ "ನೆನಪಿಲ್ಲ ಬಿಡು" ಅಂತಿದ್ರು. ಅವರು ಹೋಗಿ ಮೂರು ವರ್ಷ ಆತು.

ಅವರೂ ಅದ ಮಾಡ್ತಿದ್ರಲ್ಲಾ ಅಂತ ಈಗ ಅನಸ್ತದ. ಕೂತ ಮಂದಿ ಯಾವುದಕ್ಕ ನಗ್ತಾರ ನೋಡಿ ಆ ತುಣುಕು ಆರಿಸಿ ಜೋಡಸ್ತಿದ್ರು. ನಾ ಕಪ್ಪಿನ ಹಿಡಿಕಿ ನೋಡ್ಕೋತ ಕೂತೆ.

ಅದಕ್ಕ ನಾ ಹೇಳೋದು ಇಷ್ಟ. ಟಿವಿಯೊಳಗಿನ ತಪ್ಪು ಹುಡುಕ್ರಿ, ಬಿಡಬ್ಯಾಡ್ರಿ. ರೊಕ್ಕಾ ತೊಗೊಂಡು ಕತಿ ಹೇಳೋರು ಲೆಕ್ಕಾ ಇಡಲಿ, ರಾಸನ ವಯಸ್ಸು ಬರಕೊಳ್ಳಲಿ. ಮನ್ಯಾಗ ಹಿರ್ಯಾರು ಹಳೇದು ಹೇಳೋವಾಗ ಮಾತ್ರ ಸುಮ್ನ ಕೇಳ್ರಿ. ಇಸವಿ, ಬಣ್ಣ ಪಕ್ಕಾ ಬೇಕಿದ್ರ ಆಮ್ಯಾಲೆ ಒಬ್ಬರ ಇದ್ದಾಗ ಹತ್ರ ಕೂತು ಕೇಳಬಹುದು.

ಮೊನ್ನೆ ಮಗಳು, "ಅಜ್ಜಿ ಹೆಂಗ ಬಂದಿದ್ಲು ಈ ಮನಿಗೆ?" ಅಂತ ಕೇಳಿದ್ಲು. ಚಕ್ಕಡಿದೂ ಹೇಳಿದೆ, ಬಸ್ಸಿಂದೂ ಹೇಳಿದೆ. "ಯಾವುದು ಖರೆ?" ಅಂದ್ಲು. "ಎರಡೂ ಬರಕೋ" ಅಂದೆ.