ರೇಡಿಯೋದವನೂ, ಗುಲಾಬಿ ಜೆರ್ಸಿಯೂ, ಒಂದು ರಗ್ಬಿ ಕ್ಲಬ್ಬೂ

ನಮ್ಮ ಬ್ಲಾಗುಗಳಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಬರೆಯೋರೇ ಕಡಿಮೆ. ಇನ್ನು ರಗ್ಬಿ ಅಂದ್ರೆ ಮೊಟ್ಟೆಯಾಕಾರದ ಚೆಂಡಿಗಾಗಿ ದಾಂಡಿಗರೆಲ್ಲ ಒಬ್ಬರ ಮೇಲೊಬ್ಬರು ಬೀಳೋದು, ಅಷ್ಟೇ ತಾನೆ ನಮಗೆ ಗೊತ್ತಿರೋದು! ಆದ್ರೆ ಪ್ಯಾರಿಸ್ಸಿನ ಒಂದು ರಗ್ಬಿ ಕ್ಲಬ್ಬಿನ ಕತೆ ಇದೆ. ರಗ್ಬಿ ಗೊತ್ತಿಲ್ಲದಿದ್ರೂ ಅರ್ಥವಾಗುವಂಥದ್ದು.

ಕತೆಯ ನಾಯಕ ಮ್ಯಾಕ್ಸ್ ಗುವಾಜಿನಿ. ಹುಟ್ಟಿದ್ದು 1947ರಲ್ಲಿ, ಓದಿದ್ದು ಕಾನೂನು, ಹೆಸರು ಮಾಡಿದ್ದು ರೇಡಿಯೋದಲ್ಲಿ. 1981ರವರೆಗೂ ಫ್ರಾನ್ಸಿನಲ್ಲಿ ರೇಡಿಯೋ ಪ್ರಸಾರ ಸರ್ಕಾರದ ಏಕಸ್ವಾಮ್ಯ. ಮಿತ್ತರಾಂ ಅಧ್ಯಕ್ಷರಾದ ಮೇಲೆ ಖಾಸಗಿ ಕೇಂದ್ರಗಳಿಗೆ ಬಾಗಿಲು ತೆರೀತು. ಆಗ ಹುಟ್ಟಿದ್ದು ಎನ್‌ಆರ್‌ಜೆ. (ಈ ಮೂರಕ್ಷರವನ್ನು ಫ್ರೆಂಚರು ಓದಿದ್ರೆ 'ಎನರ್ಜಿ' ಅನ್ನೋ ಪದದ ಹಾಗೇ ಕೇಳಿಸುತ್ತೆ!) ಅಲ್ಲಿ ಕಾರ್ಯಕ್ರಮಗಳ ಹೊಣೆ ಹೊತ್ತವರಲ್ಲಿ ಗುವಾಜಿನಿ ಮುಖ್ಯ. 1984ರಲ್ಲಿ ಅನುಮತಿ ಮೀರಿದ ಶಕ್ತಿಯ ಪ್ರಸಾರಕ ಬಳಸ್ತಿದ್ದಾರೆ ಅಂತ ನಿಯಂತ್ರಕರು ಕೇಂದ್ರವನ್ನು ಕೆಲಕಾಲ ಮುಚ್ಚಿಸಲು ಹೊರಟರು. ಎನ್‌ಆರ್‌ಜೆಯವರು ಕೋರ್ಟಿಗಿಂತ ಮೊದಲು ಕೇಳುಗರನ್ನು ಕರೆದರು. ಡಿಸೆಂಬರ್ 8ರಂದು ಗಾಯಕಿ ದಾಲಿದಾ ಜೊತೆ ಪ್ಯಾರಿಸ್ಸಿನ ಬೀದಿಗಳಲ್ಲಿ ಹುಡುಗ ಹುಡುಗಿಯರ ದೊಡ್ಡ ಮೆರವಣಿಗೆ! ಕೇಂದ್ರ ಉಳೀತು. ಜನ ಜೊತೆಗಿದ್ರೆ ಏನೂ ಮಾಡಬಹುದು ಅನ್ನೋ ಪಾಠ ಅಲ್ಲೇ ಸಿಕ್ಕಿರಬೇಕು.

1992ರಲ್ಲಿ ಈತ ಸ್ತಾದ್ ಫ್ರಾನ್ಸೆ ಕ್ಲಬ್ಬಿನ ಚುಕ್ಕಾಣಿ ಹಿಡಿದ. 1883ರಲ್ಲಿ ಶುರುವಾದ, 1893ರಿಂದ 1908ರೊಳಗೆ ಎಂಟು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಹಳೇ ಕ್ಲಬ್. ಆದ್ರೆ ಆಗ ಅದು ಮೂರನೇ ದರ್ಜೆಗೆ ಇಳಿದಿತ್ತು. ಫ್ರಾನ್ಸಿನ ರಗ್ಬಿ ಅಂದ್ರೆ ತುಲೂಸ್, ಪೆರ್ಪಿನ್ಯಾಂ, ಬಿಯಾರಿಟ್ಜ್ ಥರದ ದಕ್ಷಿಣದ ಊರುಗಳ ಆಟ. ಪ್ಯಾರಿಸ್ಸಿನವರಿಗೆ ಅದರ ಗೊಡವೆ ಅಷ್ಟಿರಲಿಲ್ಲ. 1995ರಲ್ಲಿ ರಗ್ಬಿ ವೃತ್ತಿಪರವಾಯ್ತು. ಅದೇ ವರ್ಷ ಇನ್ನೊಂದು ಕ್ಲಬ್ಬಿನ ಜೊತೆ ವಿಲೀನ, ಬರ್ನಾರ್ ಲಾಪೋರ್ತ್ ಕೋಚ್. 1998ರ ಫೈನಲ್ಲಿನಲ್ಲಿ ಪೆರ್ಪಿನ್ಯಾಂ ವಿರುದ್ಧ 34-7! ತೊಂಬತ್ತು ವರ್ಷಗಳ ನಂತರ ಮತ್ತೆ ಚಾಂಪಿಯನ್. ಆಮೇಲೆ 2000, 2003, 2004, 2007.

ಸಂಪ್ರದಾಯಸ್ಥರಿಗೆ ಹೊಟ್ಟೆ ಉರಿದಿದ್ದು ಗೆಲುವಿಗಲ್ಲ, ತಮಾಷೆಗೆ. 2001ರಿಂದ ಆಟಗಾರರ ಬರಿಮೈ ಚಿತ್ರಗಳ ಕ್ಯಾಲೆಂಡರ್. 2005ರಲ್ಲಿ ಗುಲಾಬಿ ಬಣ್ಣದ ಜೆರ್ಸಿ. ಪಂದ್ಯಕ್ಕೆ ಮೊದಲು ಹಾಡು, ಕುಣಿತ, ಪಟಾಕಿ. 'ಇದೇನು ರಗ್ಬಿಯೋ ಸರ್ಕಸ್ಸೋ' ಅಂತ ಮೂಗು ಮುರಿದವರಿಗೆ ಲೆಕ್ಕವಿಲ್ಲ. ಆದ್ರೆ ಅದೇ 2005ರ ಅಕ್ಟೋಬರಿನಲ್ಲಿ ತುಲೂಸ್ ವಿರುದ್ಧದ ಮಾಮೂಲಿ ಲೀಗ್ ಪಂದ್ಯವನ್ನು ತನ್ನ ಪುಟ್ಟ ಮೈದಾನದಿಂದ ಸ್ತಾದ್ ದ ಫ್ರಾನ್ಸಿಗೆ ಒಯ್ದ. ಕೆಲವು ಟಿಕೆಟ್ಟುಗಳ ಬೆಲೆ ಬರೀ ಐದು ಯೂರೋ. ಬಂದವರು 79 ಸಾವಿರಕ್ಕೂ ಹೆಚ್ಚು!

ನನಗನ್ನಿಸೋದು, ಇದರಲ್ಲಿ ತಪ್ಪೇನಿಲ್ಲ. ಆಗಲೇ ಕೇಳ್ತಿರೋರನ್ನು ಉಳಿಸಿಕೊಂಡರೆ ಸಾಲದು, ಇನ್ನೂ ಕೇಳದವರನ್ನು ಹಿಡೀಬೇಕು ಅನ್ನೋದು ರೇಡಿಯೋದವರ ಕಸುಬು. ಆ ಕಸುಬನ್ನೇ ಈತ ಮೈದಾನಕ್ಕೆ ತಂದ. ಪಟಾಕಿ ನೋಡೋಕೆ ಬಂದವನು ಆಟ ನೋಡಿಕೊಂಡು ಹೋದ್ರೆ ಆಟಕ್ಕೇನು ನಷ್ಟ?

ಎಡವಟ್ಟಾಗಿದ್ದು ಬೇರೆ ಕಡೆ. ರೇಡಿಯೋ ಕೇಳುಗ ದುಡ್ಡು ಕೊಡಲ್ಲ, ಜಾಹೀರಾತುದಾರ ಕೊಡ್ತಾನೆ. ಐದು ಯೂರೋ ಟಿಕೆಟ್ಟಿನ ಹಿಂದೆಯೂ ಅದೇ ಲೆಕ್ಕ. ಪ್ರಾಯೋಜಕರು ಕೊಡಬೇಕು, ಕಡಿಮೆ ಬಿದ್ರೆ ಮಾಲೀಕ ತುಂಬಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಕ್ಲಬ್ಬಿಗೆ ಜಾಹೀರಾತು ತರುತ್ತಿದ್ದ ಏಜೆನ್ಸಿ ದಿವಾಳಿಯಾದ ಮೇಲೆ, 2011ರಲ್ಲಿ, ಈತನ ಕಾಲದಲ್ಲೇ ಐದು ಸಲ ಚಾಂಪಿಯನ್ ಆಗಿದ್ದ ಕ್ಲಬ್ ಮತ್ತೆ ಕೆಳದರ್ಜೆಗೆ ಬೀಳುವ ಅಂಚಿಗೆ ಬಂತು. ಕೊನೇ ಗಳಿಗೆಯಲ್ಲಿ ಉದ್ಯಮಿ ಜಾಂ-ಪಿಯೇರ್ ಸವಾರೆ ಕೈ ಹಿಡಿದರು. ಗುವಾಜಿನಿ ಅಧ್ಯಕ್ಷಗಿರಿ ಬಿಟ್ಟ. ಹತ್ತೊಂಬತ್ತು ವರ್ಷದ ಆಳ್ವಿಕೆ ಮುಗೀತು.

ಇದನ್ನು ಓದುವಾಗ ನನಗೆ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ನೆನಪಾಯ್ತು. ಅದೂ ಪತ್ರಿಕೆಯವರದ್ದೇ ತಂಡ. 2009ರಲ್ಲಿ ಐಪಿಎಲ್ ಗೆದ್ದಿತ್ತು. ಮಾಲೀಕ ಸಂಸ್ಥೆ ಸಾಲದಲ್ಲಿ ಸಿಕ್ಕಿಕೊಂಡು, 2012ರಲ್ಲಿ ಬಿಸಿಸಿಐ ಫ್ರಾಂಚೈಸಿಯನ್ನೇ ರದ್ದು ಮಾಡಿತು. ಮುಂದಿನ ಸೀಸನ್ನಿಗೆ ಸನ್ ಟಿವಿಯವರು ಅದೇ ಊರಿಗೆ ಬೇರೆ ಹೆಸರಿನ ತಂಡ ತಂದರು. ಚಾರ್ಜರ್ಸ್ ಅನ್ನೋ ಹೆಸರು ಅಲ್ಲಿಗೇ ಮುಗೀತು.

ಪ್ಯಾರಿಸ್ಸಿನಲ್ಲಿ ಹಾಗಾಗಲಿಲ್ಲ. ಹೊಸ ಮಾಲೀಕರಡಿ ಕ್ಲಬ್ 2015ರಲ್ಲಿ ಮತ್ತೆ ಚಾಂಪಿಯನ್ ಆಯ್ತು. 2017ರ ಮಾರ್ಚಿನಲ್ಲಿ ಆ ಮಾಲೀಕರೇ ಪಕ್ಕದ ಎದುರಾಳಿ ರಾಸಿಂಗ್ ಜೊತೆ ವಿಲೀನ ಅಂತ ಘೋಷಿಸಿದಾಗ ಆಟಗಾರರು ಮುಷ್ಕರ ಹೂಡಿದರು. ಒಂದೇ ವಾರದಲ್ಲಿ ಯೋಜನೆ ಕೈಬಿಡಬೇಕಾಯ್ತು! ಅದೇ ವರ್ಷ ಹ್ಯಾನ್ಸ್-ಪೀಟರ್ ವೈಲ್ಡ್ ಅನ್ನೋ ಉದ್ಯಮಿ ಕ್ಲಬ್ ಕೊಂಡರು. ಮಾಲೀಕರು ಬದಲಾದರು, ಹೆಸರು ಬದಲಾಗಲಿಲ್ಲ, ಗುಲಾಬಿ ಬಣ್ಣವೂ ಹೋಗಲಿಲ್ಲ.

ವ್ಯತ್ಯಾಸ ಇರೋದು ಇಲ್ಲೇ. ಮಾಲೀಕ ರೇಡಿಯೋದವನೋ, ಪತ್ರಿಕೆಯವನೋ, ಹೆಂಡದ ದೊರೆಯೋ ಅನ್ನೋದು ಮುಖ್ಯವಲ್ಲ. ಅವನು ಕೈಬಿಟ್ಟ ದಿನ 'ಇದು ನಮ್ಮದು' ಅನ್ನೋಕೆ ಯಾರಾದರೂ ಇದ್ದಾರಾ, ಅವರ ಮಾತು ನಡೆಯುತ್ತಾ ಅನ್ನೋದು ಮುಖ್ಯ. 2025ರ ಜೂನಿನಲ್ಲಿ ಮುಂಬೈಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರಿನ ಹೆಸರಿನದ್ದೂ ಒಂದು ತಂಡ ಆಡಿತು, ಬೆಂಗಳೂರು ಬ್ರೇವ್‌ಹಾರ್ಟ್ಸ್. ಪಟಾಕಿ ಹಚ್ಚಲಿ, ಗುಲಾಬಿ ಜೆರ್ಸಿಯನ್ನೇ ಹಾಕಲಿ, ನನ್ನ ತಕರಾರಿಲ್ಲ. ಆದ್ರೆ ಮಾಲೀಕರ ಜೇಬು ಖಾಲಿಯಾದ ದಿನ ಆ ತಂಡಕ್ಕಾಗಿ ಮುಷ್ಕರ ಹೂಡೋರು ಯಾರು?

ನೀವೇನಂತೀರಿ?