ಆಕಾಶದಲ್ಲೊಂದು ಏಷ್ಯಾ



ಹೋದ ಸಲ ಸಂಘದ ಕಾರ್ಯಕ್ರಮ ಮುಗಿದು ಚಹಾ ಕುಡಿಯುತ್ತಿದ್ದಾಗ ನಿಮ್ಮಲ್ಲೊಬ್ಬಳು ಕೇಳಿದಳು: "ಆಂಟಿ, ಆಕಾಶದಲ್ಲಿ ಏನಾದರೂ ಕಂಡುಹಿಡಿದವರೆಲ್ಲ ಯುರೋಪು, ಅಮೆರಿಕದಲ್ಲೇ ಯಾಕೆ? ನಮ್ಮ ಕಡೆಯಿಂದ ಯಾರಿಗೂ ಏನೂ ಕಾಣಲಿಲ್ಲವಾ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ.

1861ರಲ್ಲಿ ನಾರ್ಮನ್ ಪಾಗ್ಸನ್ ಎಂಬ ಇಂಗ್ಲಿಷ್ ಖಗೋಳಜ್ಞ ಮದರಾಸಿನ ವೀಕ್ಷಣಾಲಯಕ್ಕೆ ಬಂದ. ಅದೇ ವರ್ಷ ಏಪ್ರಿಲ್ 17ರಂದು ಒಂದು ಹೊಸ ಕ್ಷುದ್ರಗ್ರಹವನ್ನು ಕಂಡುಹಿಡಿದ. (ಕ್ಷುದ್ರವೆಂದರೆ ಇಲ್ಲಿ ಚಿಕ್ಕದು ಎಂದಷ್ಟೇ ಅರ್ಥ, ಕ್ಷುದ್ರಬುದ್ಧಿಯ ಕ್ಷುದ್ರವಲ್ಲ!) ಏಷ್ಯಾ ಖಂಡದಿಂದ ಕಂಡ ಮೊದಲನೆಯದು ಅದು. ಹಾಗಾಗಿ ಹೆಸರೂ ಏಷ್ಯಾ, ಸಂಖ್ಯೆ 67.

ದೂರದರ್ಶಕದಲ್ಲಿ ಅದು ನಕ್ಷತ್ರಗಳ ನಡುವೆ ಇನ್ನೊಂದು ಚುಕ್ಕಿ, ಅಷ್ಟೆ. ಅಕ್ಕಿ ಆರಿಸುವಾಗ ಅಕ್ಕಿಯ ಹಾಗೇ ಇರುವ ಬಿಳಿ ಕಲ್ಲು ಸಿಗುತ್ತದಲ್ಲ, ಹಾಗೆ. ನಕ್ಷೆ ಎದುರಿಗಿಟ್ಟುಕೊಂಡು ರಾತ್ರಿ ರಾತ್ರಿ ನೋಡಬೇಕು. ಸರಿದರೆ ಕ್ಷುದ್ರಗ್ರಹ, ಅಲ್ಲೇ ಇದ್ದರೆ ನಕ್ಷತ್ರ. ಒಮ್ಮೆ ಕಂಡರೂ ಸಾಲದು. 1801ರ ಜನವರಿ 1ರಂದು ಇಟಲಿಯ ಪಿಯಾಜಿ ಕಂಡ ಸಿರಿಸ್, ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿನಲ್ಲಿ ಕಳೆದೇ ಹೋಗಿತ್ತು. ಗೌಸ್ ಲೆಕ್ಕ ಹಾಕಿ ದಾರಿ ತೋರಿಸಿದ ಮೇಲೆ ವರ್ಷದ ಕೊನೆಗೆ ಮತ್ತೆ ಸಿಕ್ಕಿತು. ಇಂದಿಗೂ ಕಕ್ಷೆ ಖಚಿತವಾದ ಮೇಲೆಯೇ ಸಂಖ್ಯೆ, ಆಮೇಲೆ ಹೆಸರು.

ಏಷ್ಯಾದ ಕಕ್ಷೆ ಮಂಗಳ ಮತ್ತು ಗುರುಗ್ರಹಗಳ ನಡುವಿನ ಪಟ್ಟಿಯಲ್ಲಿದೆ. ಅದು ದುಂಡಗಿಲ್ಲ, ತುಸು ಅಂಡಾಕಾರ. ಸೂರ್ಯನಿಗೆ ಹತ್ತಿರ ಬಂದಾಗ ಸುಮಾರು 29 ಕೋಟಿ ಕಿ.ಮೀ., ದೂರ ಹೋದಾಗ 43 ಕೋಟಿ. (ನಮ್ಮ ಭೂಮಿ 15 ಕೋಟಿಯಲ್ಲಿದೆ.) ಒಂದು ಸುತ್ತಿಗೆ ಮೂರೂಮುಕ್ಕಾಲು ವರ್ಷ. ಅಡ್ಡಳತೆ ಸುಮಾರು 60 ಕಿ.ಮೀ., ಅಂದರೆ ಸಿ.ಎಸ್.ಎಂ.ಟಿ.ಯಿಂದ ಅಂಬರನಾಥದಷ್ಟು. ನೀವು ಕುರ್ಲಾದಲ್ಲಿ ಗಾಡಿ ಬದಲಿಸಿ ಫಾಸ್ಟ್ ಲೋಕಲ್ ಹತ್ತಿದಾಗ ಪಕ್ಕದ ಸ್ಲೋ ಗಾಡಿ ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ? ಸುಮಾರು ಹದಿನಾರು ತಿಂಗಳಿಗೊಮ್ಮೆ ನಮ್ಮ ಭೂಮಿಯೂ ಏಷ್ಯಾವನ್ನು ಹಾಗೆ ಹಿಂದೆ ಹಾಕುತ್ತದೆ. ಆಗ ಅದು ನಕ್ಷತ್ರಗಳ ನಡುವೆ ಕೆಲವು ವಾರ ಹಿಮ್ಮುಖ ನಡೆಯುತ್ತದೆ. ಬರಿಗಣ್ಣಿಗಂತೂ ಕಾಣದು, ರಿಫೈನರಿಯ ಬೆಂಕಿ ಬೆಳಗುವ ನಮ್ಮ ಚೆಂಬೂರಿನ ಆಕಾಶದಲ್ಲಿ ಕೇಳಲೇಬೇಡಿ.

ಪಾಗ್ಸನ್ ಮದರಾಸಿನಿಂದ ಐದು ಕ್ಷುದ್ರಗ್ರಹ ಕಂಡ. ಕೊನೆಯದು 1885ರ ವೆರಾ. ಮೂವತ್ತು ವರ್ಷ ಅಲ್ಲೇ ದುಡಿದು 1891ರಲ್ಲಿ ಅಲ್ಲೇ ತೀರಿಕೊಂಡ. ಹೊಟ್ಟೆಪಾಡಿಗೆ ಬಂದ ಊರಿಗೇ ಸಂದುಹೋದವರು ನಮ್ಮ ಮನೆಗಳಲ್ಲೂ ಇದ್ದಾರಲ್ಲ, ಅವನನ್ನು ಪರದೇಶಿ ಎನ್ನಲು ನನಗೆ ಮನಸ್ಸಾಗದು. ಅವನ ಮಗಳು ಎಲಿಜಬೆತ್ ಐಸಿಸ್ ಅದೇ ವೀಕ್ಷಣಾಲಯದಲ್ಲಿ ಸಹಾಯಕಿಯಾಗಿದ್ದಳು. 1886ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿಗೆ ಅವಳ ಹೆಸರು ಸೂಚಿಸಿದರೆ, ಹೆಂಗಸಿಗೆ ಅವಕಾಶವಿಲ್ಲವೆಂದರು. ಸದಸ್ಯತ್ವ ಸಿಕ್ಕಿದ್ದು 1920ರಲ್ಲಿ. ಪ್ರಶ್ನೆ ಕೇಳಿದ ಹುಡುಗಿ ಇದನ್ನು ಗುರುತು ಹಾಕಿಕೊಳ್ಳಲಿ.

ವೆರಾ ಆದ ಮೇಲೆ ನೂರಮೂರು ವರ್ಷ ನಮ್ಮ ದೇಶದಿಂದ ಒಂದೂ ಇಲ್ಲ! ಅಷ್ಟರಲ್ಲಿ ಮದರಾಸಿನ ವೀಕ್ಷಣಾಲಯದ ಕೆಲಸ ಕೊಡೈಕನಾಲಿಗೆ ಹೋಗಿ, ಅದರಿಂದ ಬೆಳೆದ ಭಾರತೀಯ ಖಭೌತ ಸಂಸ್ಥೆ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಯೂರಿತ್ತು. ಆ ಸಂಸ್ಥೆಯ ಆರ್. ರಾಜಮೋಹನ್ ಅವರು 1988ರ ಫೆಬ್ರವರಿ 17ರಂದು ಕಾವಲೂರಿನಿಂದ ಒಂದು ಕ್ಷುದ್ರಗ್ರಹ ಕಂಡುಹಿಡಿದರು. ಸಂಖ್ಯೆ 4130. ಹೆಸರು ರಾಮಾನುಜನ್, ಹೌದು, ಗಣಿತದ ರಾಮಾನುಜನ್ನೇ.

ಕಾವಲೂರು ಇರುವುದು ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿ. ರಜೆಗೆ ಬೆಂಗಳೂರಿಗೆ ಹೋದವರು ಅಲ್ಲಿಂದ ಚೆನ್ನೈ ರೈಲು ಹಿಡಿದರೆ, ಜೋಲಾರಪೇಟೆ ದಾಟಿ ವಾಣಿಯಂಬಾಡಿ ಬರುವಾಗ ಕಿಟಕಿಯ ಹತ್ತಿರ ಕೂತು ಬೆಟ್ಟದ ಕಡೆ ನೋಡಿ.