ಸಂಕೋಚವೆಂಬುದು ದೋಷವೇ?

ಜನರು ಸಂಕೋಚವಿಲ್ಲದೆ ಮನಸ್ಸು ಬಿಚ್ಚಿ ಹೇಳಿಕೊಳ್ಳುವಂತೆ ಮಾಡುವುದೇ ತಮ್ಮ ಗುರಿಯೆಂದು ಸಾಮಾಜಿಕ ಜಾಲತಾಣಗಳನ್ನು ಕಟ್ಟುವವರು ಹೇಳುವುದುಂಟು. ಸಂಕೋಚವೇ ದೋಷ, ಅದನ್ನು ನೀಗಿದರಾಯಿತು ಎಂಬ ಈ ಗ್ರಹಿಕೆಯೇ ತಪ್ಪು. ಕೇಳುವವರು ಯಾರೆಂದು ತಿಳಿಯದವನಿಗೆ ಸಂಕೋಚವೇ ರಕ್ಷಣೆ. ತಿಳಿದವನಲ್ಲಿ ಅದು ತಾನಾಗಿಯೇ ಕರಗುತ್ತದೆ.

2007ರ ನವೆಂಬರಿನಲ್ಲಿ ಫೇಸ್‌ಬುಕ್ ಸಂಸ್ಥೆಯು ‘ಬೀಕನ್’ ಎಂಬ ವ್ಯವಸ್ಥೆಯನ್ನು ತಂದಿತು. ಸದಸ್ಯನು ಅದರೊಡನೆ ಒಪ್ಪಂದವಿದ್ದ ಜಾಲಮಳಿಗೆಯಲ್ಲಿ ಏನನ್ನಾದರೂ ಕೊಂಡರೆ ಆ ಸುದ್ದಿ ಅವನ ಮಿತ್ರರಿಗೆ ಹೋಗುತ್ತಿತ್ತು. ಬೇಡವೆನ್ನುವ ಹೊಣೆ ಕೊಂಡವನದು. ಸುಮ್ಮನಿದ್ದರೆ ಅದೇ ಒಪ್ಪಿಗೆ. ಹೆಂಡತಿಗೆ ಅಚ್ಚರಿಯಾಗಲೆಂದು ಒಬ್ಬಾತ ಕೊಂಡ ಉಂಗುರದ ಸುದ್ದಿ, ದೊರೆತ ರಿಯಾಯಿತಿಯ ಸಮೇತ, ಆಕೆಗೇ ತಲುಪಿತು. ಗಿರಾಕಿಯ ಲೆಕ್ಕವನ್ನು ಬೀದಿಯಲ್ಲಿ ಓದಿ ಹೇಳಿದ ಗುಮಾಸ್ತನು ಮರುದಿನ ಅಂಗಡಿಯಲ್ಲಿ ಉಳಿಯಲಾರ. ಇಲ್ಲಿಯಾದರೋ ಅದಕ್ಕೆ ‘ಹಂಚಿಕೊಳ್ಳುವಿಕೆ’ ಎಂಬ ಸೊಗಸಾದ ಹೆಸರು! ಡಿಸೆಂಬರಿನಲ್ಲಿ ಸಂಸ್ಥೆಯ ಮುಖ್ಯಸ್ಥ ಜುಕರ್‌ಬರ್ಗ್ ಕ್ಷಮೆ ಕೋರಿದರು. ಮೊಕದ್ದಮೆಯ ರಾಜಿಯಂತೆ 95 ಲಕ್ಷ ಡಾಲರ್ ತೆರಲು ಒಪ್ಪಿ, 2009ರಲ್ಲಿ ಬೀಕನ್ನನ್ನು ನಿಲ್ಲಿಸಲಾಯಿತು.

ಪ್ರತಿಯೊಂದಕ್ಕೂ ಅನುಮತಿ ಕೇಳಿದರೆ ಬಳಸುವವರು ಬೇಸತ್ತಾರು ಎಂಬ ಸಮರ್ಥನೆಯುಂಟು. ಅದರಲ್ಲಿ ಹುರುಳಿಲ್ಲವೆನ್ನಲಾಗದು. 2011ರಲ್ಲಿ ಬಂದ ಗೂಗಲ್ ಪ್ಲಸ್, ಪರಿಚಿತರನ್ನು ವೃತ್ತಗಳಾಗಿ ವಿಂಗಡಿಸುವ ಶ್ರಮವನ್ನು ಸದಸ್ಯರಿಗೇ ಬಿಟ್ಟಿತು. 2019ರಲ್ಲಿ ಸಾಮಾನ್ಯ ಬಳಕೆದಾರರ ಪಾಲಿಗೆ ಮುಚ್ಚಿತು. ಆದರೆ ಕೇಳದೆಯೇ ನಿರ್ಧರಿಸುವುದಾದರೆ ಕಿರಿದಾದ ಬಳಗವನ್ನೇ ಆರಿಸಲು ಯಾರ ಅಡ್ಡಿಯಿತ್ತು? ಹೊಸ ಸದಸ್ಯನ ಬರಹವು ಮೊದಲಿಗೆ ಮಿತ್ರರಿಗಷ್ಟೇ ಕಾಣಲಿ ಎಂಬ ಸಣ್ಣ ತಿದ್ದುಪಡಿಗೆ ಫೇಸ್‌ಬುಕ್ 2014ರ ಮೇ ತಿಂಗಳವರೆಗೆ ಕಾಯಿತು.